ಹನ್ನೆರಡು ಪದಗಳ ಲಕೋಟೆ

ಶಿವಕುಮಾರ, ನಿನ್ನ ಲಕೋಟೆ ಕಳೆದಿರಲಿಲ್ಲ. ಅದನ್ನು ಹರಿದು ಹಾಕಿದವನು ನಾನು. ಹರಿದ ಮೇಲೆ ನಿನ್ನೆದುರು ಸುಳ್ಳು ಹೇಳಿದವನೂ ನಾನೇ.

ಇದನ್ನು ಬೇರೆಯವರೂ ಓದಲಿ ಎಂದೇ ಬಿಡಿಸಿ ಹೇಳುತ್ತೇನೆ. ನೀನು ನನ್ನ ಹೆಂಡತಿಯ ತಂಗಿಯ ಗಂಡ, ನನಗೆ ಷಡ್ಡಕ. ನಾನು ನಾಸಿಕದಲ್ಲಿ ಬ್ಯಾಂಕಿನವನು. ನೀನು ಔರಂಗಾಬಾದಿನ ಚಿಕಲಠಾಣಾದ ಕಾರ್ಖಾನೆಯೊಂದರಲ್ಲಿ ಲೋಹ ಕರಗಿಸುವ ಭಟ್ಟಿಯ ಮುಂದೆ ನಿಲ್ಲುವವನು. ಮಾವನ ಮನೆಯಲ್ಲಿ ಎಲ್ಲರೂ ಸಲಹೆ ಕೇಳುತ್ತಿದ್ದುದು ನನ್ನನ್ನು. ಆ ಗತ್ತು ನನಗೆ ಎಷ್ಟು ಬೇಕಾಗಿತ್ತೆಂದರೆ — ಇರಲಿ.

ನೀನು ಬಿಟ್‌ಕಾಯಿನ್ ಕೊಂಡಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನೀನು ಸಿಟ್ಟಾಗಲಿಲ್ಲ. ಅದನ್ನು ತೆರೆಯುವ ಹನ್ನೆರಡು ಇಂಗ್ಲಿಷ್ ಪದಗಳನ್ನು ಹಾಳೆಯ ಮೇಲೆ ಬರೆದು, ಲಕೋಟೆಗೆ ಅಂಟು ಹಚ್ಚಿ, ನಾಸಿಕಕ್ಕೆ ತಂದು ನನ್ನ ಕೈಗಿಟ್ಟೆ.

“ಕಂಪ್ಯೂಟರ್‌ನಿಂದ ಎಲ್ಲಾ ಅಳಿಸೀನ್ರಿ ಅಣ್ಣಾರ. ಇದೊಂದೇ ಕೀಲಿ. ನನ್ನ ಕಡಿ ಇದ್ರ ನಾಕ್ ರೂಪಾಯಿ ಏರಿದ ದಿನಾನೇ ಮಾರಿಬಿಡ್ತೀನಿ. ಮಾರಿದ ಮ್ಯಾಗ ಮತ್ತ ಏರಿದ್ರ ನಿದ್ದಿ ಬರಂಗಿಲ್ಲ. ನಿಮ್ಮ ಲಾಕರ್‌ದಾಗ ಇರ್ಲಿ.”

ನೋಟು ರದ್ದಾದ ಮರುವರ್ಷ ಅದರ ಬೆಲೆ ಗಗನಕ್ಕೇರಿತು. ಮಾವನವರು ಫೋನ್ ಮಾಡಿದಾಗಲೆಲ್ಲ ನಿನ್ನದೇ ಸುದ್ದಿ. ದೀಪಾವಳಿಗೆ ಎಲ್ಲರೂ ಸೇರಿದಾಗ ನನ್ನ ಬಡ್ತಿಯ ಮಾತನ್ನು ಯಾರೂ ಎತ್ತಲಿಲ್ಲ. ಹೋಳಿಗೆ ಬಡಿಸುತ್ತಾ ನನ್ನ ಹೆಂಡತಿಯೇ ಅಂದಳು, “ತಾಳ್ಮಿ ಅಂದ್ರ ನಮ್ಮ ಶಿವೂಂದು ನೋಡ್ರಿ.” ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರಿಲ್ಲ. ಅವನ ತಾಳ್ಮೆ ಇರುವುದು ನನ್ನ ಲಾಕರಿನಲ್ಲಿ ಎಂದು ಕೂಗಬೇಕೆನಿಸಿತು. ಮರುವಾರ ಲಕೋಟೆ ಒಡೆದೆ. ಶಾಲೆಯ ಮಕ್ಕಳ ಉಕ್ತಲೇಖನದಂಥ ಹನ್ನೆರಡು ಪದ. ಕದಿಯುವ ಯೋಚನೆ ಇರಲಿಲ್ಲ — ಅದು ನಿಜ, ಆದರೆ ಅದರಿಂದ ನಾನು ಒಳ್ಳೆಯವನಾಗುವುದಿಲ್ಲ. ಚೂರುಚೂರು ಮಾಡಿ ಬ್ಯಾಂಕಿನ ಕಸದ ಬುಟ್ಟಿಗೆ ಹಾಕಿದೆ.

ತಿಂಗಳೊಳಗೆ ನೀನು ಬಂದೆ. ನಾಸಿಕದ ಹತ್ತಿರದ ಸಿನ್ನರಿನಲ್ಲಿ ಲೇಥ್ ಯಂತ್ರದ ಸಮೇತ ಒಂದು ಶೆಡ್ ಮಾರಾಟಕ್ಕಿತ್ತು. ಭಟ್ಟಿಯ ಕಾವಿಗೆ ಕಣ್ಣು ಸೋಲುತ್ತಿದೆ, ಇನ್ನು ಸ್ವಂತದ್ದು ಮಾಡುತ್ತೇನೆ ಎಂದೆ.

“ಈಗ ಮಾರ್ತೀನ್ರಿ ಅಣ್ಣಾರ. ಆ ಲಕೋಟಿ ಕೊಡ್ರಿ.”

“ನೀ ನನ್ನ ಕಡಿ ಏನೂ ಕೊಟ್ಟೇ ಇಲ್ಲಲ್ಲೋ.”

ನೀನು ನನ್ನ ಮುಖ ನೋಡಿದೆ. “ಹಂಗಿದ್ರ ನಾನೇ ಎಲ್ಲರೆ ಇಟ್ಟಿರ್ಬೇಕ್ರಿ” ಎಂದು, ಚಹಾ ಕುಡಿದು, ಬಸ್ಸು ಹಿಡಿದೆ.

ಆಮೇಲೆ ಯಾರು ಕೇಳಿದರೂ ನಿನ್ನದು ಒಂದೇ ಉತ್ತರ. ಎಲ್ಲರೂ ಕೂಡಿ ಎಲ್ಲೋರಕ್ಕೆ ಹೋದಾಗ ಗುಡಿಯ ಮುಂದೆ ನನ್ನ ಹೆಂಡತಿಯೂ ಕೇಳಿದಳು — ಇಷ್ಟು ಏರಿದರೂ ಯಾಕೆ ಮಾರುತ್ತಿಲ್ಲ ಎಂದು. “ಮಾರಂಗಿಲ್ರಿ ಅಕ್ಕಾರ. ಇನ್ನಾ ಏರ್ತದ.” ನನ್ನ ಕಡೆ ನೋಡಲೇ ಇಲ್ಲ. ಆಗ ತಿಳಿಯಿತು, ನಿನಗೆ ಎಲ್ಲ ಗೊತ್ತಿದೆ. ಅಕ್ಕತಂಗಿಯರ ನಡುವೆ ಬಿರುಕು ಬೀಳಬಾರದೆಂದು ನನ್ನ ಮಾನ ಕಾಯುತ್ತಿದ್ದೀಯ. ಹೇಳಲು ನಾಚಿಕೆ, ಶಿವು — ಆ ದೊಡ್ಡತನಕ್ಕೂ ನಾನು ಕರುಬಿದೆ.

ನೀನು ಇನ್ನೂ ಭಟ್ಟಿಯ ಮುಂದೆಯೇ ನಿಲ್ಲುತ್ತೀಯ. ನೆಂಟರಲ್ಲಿ ಕೆಲವರು ನಿನ್ನದು ತಾಳ್ಮೆ ಎನ್ನುತ್ತಾರೆ, ಕೆಲವರು ದುರಾಸೆ ಎನ್ನುತ್ತಾರೆ. ಎರಡೂ ಅಲ್ಲ; ಆ ಹನ್ನೆರಡು ಪದಗಳಿಲ್ಲದೆ ನೀನು ಎಂದಿಗೂ ಮಾರಲಾರೆ. ಇಲ್ಲಿಯವರೆಗೆ ಬರೆದದ್ದನ್ನು ನಿನಗೆ ಕಳಿಸುವ ಮೊದಲು ಇವತ್ತು ಬೆಳಿಗ್ಗೆ ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ತಂಗಿಗೆ ಫೋನ್ ಮಾಡಲು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.