ಅತ್ತೆಯ ಬಾಣಲೆ

ಐನೋರು ಕೈಲಿದ್ದ ವಿಭೂತಿ ಕೆಳಗಿಟ್ಟು ಎದ್ದುಹೋಗಬಹುದಿತ್ತು. ಬಸವಾಪಟ್ಟಣದಿಂದ ಬಂದ ಬೀಗರು ಊಟಕ್ಕೆ ಕೂರದೆ ಬಸ್ಸು ಹತ್ತಬಹುದಿತ್ತು. ಬೆಳ್ಳುಳ್ಳಿ ವಾಸನೆ ಊದುಬತ್ತಿಯನ್ನೂ ಮೀರಿ ಬೀದಿಗೆ ನುಗ್ಗಬಹುದಿತ್ತು. ಸಾಸು ಸೋರಿ ನನ್ನ ಬಿಳಿ ಪಂಚೆ ಕೆಂಪಾಗಿ, ಕಾರ್ಯದ ಮನೆಯಲ್ಲಿ ಹೊಡೆದಾಟವಾಯಿತೆಂದು ಸುದ್ದಿ ಹಬ್ಬಬಹುದಿತ್ತು. ನನಗೇ ಎದೆ ಹಿಡಿದುಕೊಂಡು, ಬಂದ ಅಡುಗೆಯವರಿಗೆ ನನ್ನ ಕಾರ್ಯವನ್ನೂ ಒಪ್ಪಿಸಿಬಿಡಬೇಕಾಗಬಹುದಿತ್ತು. ಹೀಗೆಲ್ಲ ಯೋಚಿಸುತ್ತ, ತೀರಿಕೊಂಡ ನಮ್ಮ ಸೋದರತ್ತೆಯ ಶಿವಗಣಾರಾಧನೆಯ ದಿನ, ಅವರ ಎಡೆಗೆ ಇಡಲೆಂದು ಗೋಬಿ ಮಂಚೂರಿಯ ಬಿಸಿ ಪೊಟ್ಟಣವೊಂದನ್ನು ಟವೆಲ್ಲಿನಡಿ ಮುಚ್ಚಿಕೊಂಡು ಚನ್ನಗಿರಿಯ ಸಂದಿಗಳಲ್ಲಿ ಮನೆಕಡೆ ನಡೆದಿದ್ದೆ.

ಹಣೆತುಂಬ ಮೂರು ಬೆರಳಿನ ವಿಭೂತಿ, ಗದ್ದದ ಮೇಲೆ ಒಂದು ಚುಕ್ಕೆ ಸಾಸು. ಅತ್ತೆಯ ಮುಖ ನನಗೆ ನೆನಪಾಗುವುದೇ ಹಾಗೆ. ಮಾವ ತೀರಿಕೊಂಡ ಮೇಲೆ ನಲ್ಲೂರಿನಿಂದ ನಮ್ಮ ಮನೆಗೆ ಬಂದಿದ್ದರು. ಮಂಡಿನೋವಿಗೆ ನಡೆಯಿರಿ ಎಂದಿದ್ದರು ಡಾಕ್ಟರು. ದೊಡ್ಡ ರಸ್ತೆಯಲ್ಲಿ ನಡೆದರೆ ಅಂಗಡಿಗೊಬ್ಬರು "ಒಬ್ರೇ ಹೊಂಟೀರೇನ್ರಿ" ಅಂತ ಮರುಗುತ್ತಾರೆ, ಆ ಮರುಕ ಮಂಡಿನೋವಿಗಿಂತ ಕಷ್ಟ ಎಂದು ಹಿಂಬದಿಯ ಸಂದಿಗಳನ್ನೇ ಹಿಡಿದರು. ಹಿಟ್ಟಿನ ಗಿರಣಿ ದಾಟಿ, ಅಡಿಕೆ ಮಂಡಿಯ ಹಿಂಬಾಗಿಲ ಎದುರು, ಹುಟ್ಟಿದಾಗಿನಿಂದ ಇದೇ ಊರಲ್ಲಿರುವ ನಾನು ಒಮ್ಮೆಯೂ ಕಾಲಿಡದ ತಿರುವಿನಲ್ಲಿ, ಜಗಳೂರು ಕಡೆಯ ಸೊಕ್ಕೆ ಊರಿನವನೊಬ್ಬ ಚೈನೀಸ್ ಗಾಡಿ ಹಾಕಿದ್ದ. ಅದನ್ನು ಪತ್ತೆ ಮಾಡಿದವರು ಅತ್ತೆ.

ಮರುದಿನ ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಹೋದರು. ಎಣ್ಣೆ ಯಾವಾಗಿನದೋ, ನೀರು ಎಲ್ಲಿಯದೋ, ಯಾರಾದರೂ ಕಂಡರೆ ಏನು ಹೇಳುವುದೋ ಎಂದು ನಾನು ಶುರುಮಾಡಿದೆ. ಅದೇ ಬಾಣಲೆಯಲ್ಲಿ ಮೊಟ್ಟೆ ನೂಡಲ್ಸ್ ಬೇರೆ ಹಾರುತ್ತಿತ್ತು.

"ನೀನು ಹುಟ್ಟಾಕೂ ಹೆದರಿಕೊಂಡೇ ಒಳಗೆ ಕುಂತಿದ್ದೆ. ನಿಮ್ಮವ್ವ ಅದೆಷ್ಟು ನೋವು ತಿಂದ್ಲು ನಂಗೊತ್ತೈತೆ," ಎಂದರು ಅತ್ತೆ.

ಮೊಟ್ಟೆಯ ವಿಷಯ ಮಾತ್ರ ಅವರಿಗೂ ತೊಡಕೇ. ಅವತ್ತು ತಿನ್ನದೆ ವಾಪಸಾದೆವು. ಆದರೆ ಮಾರನೇ ದಿನ ನಲ್ಲೂರಿನಿಂದ ತಂದಿದ್ದ ತಮ್ಮ ಕಬ್ಬಿಣದ ಬಾಣಲೆಯನ್ನೇ ಸೆರಗಿನಲ್ಲಿ ಹಿಡಿದು ಹೊರಟರು. ಮೊಟ್ಟೆ ಅವನ ಬಾಣಲೆಗೆ, ತಮ್ಮದು ತಮ್ಮ ಬಾಣಲೆಗೆ ಎಂದು ಕರಾರಾಯಿತು. ಗಾಡಿಯವನು ಒಂದು ಮೊಳೆ ಹೊಡೆದು ಅದನ್ನು ತೂಗುಹಾಕಿದ.

ತಟ್ಟೆಯೂ ಮನೆಯದೇ. ಗೋಬಿ ಬಂದರೆ ಮೊದಲು ಕೊರಳಿನ ಲಿಂಗಕ್ಕೆ ತೋರಿಸುವುದು. ತಿಂದಾದ ಮೇಲೆ ನಮ್ಮ ಮನೆಯ ರೂಢಿಯಂತೆ ತಟ್ಟೆಗೆ ನೀರು ಹಾಕಿ, ಬೆರಳಿಂದ ಬಳಿದು ಆ ನೀರನ್ನೂ ಕುಡಿಯುವುದು. ಮೊದಲ ಸಲ ಆ ಕೆಂಪು ನೀರು ನೋಡಿ ಗಾಡಿಯವನೇ ಗಾಬರಿಯಾದ. "ಅಮ್ಮಾರೆ, ಉರೀತೈತ್ರಿ" ಎಂದ.

"ಲಿಂಗಕ್ಕೆ ತೋರ್ಸಿದ್ದು ಚೆಲ್ಲಾಕೆ ಬರಲ್ಲ ತಮ್ಮಾ," ಎಂದು ಗಟಗಟ ಕುಡಿದರು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

ಮನೆಗೇ ಕಟ್ಟಿಸಿಕೊಂಡು ಹೋಗೋಣ, ಯಾರಿಗೂ ಗೊತ್ತಾಗಲ್ಲ ಎಂದು ನಾನು ಪ್ರತಿ ಸಲ ಗೋಗರೆಯುತ್ತಿದ್ದೆ. ಅವರದು ಒಂದೇ ಉತ್ತರ: "ಪಾರ್ಸಲ್ ಮಾಡಿದ್ರೆ ಮೆತ್ತಗಾಗತೈತೆ. ತಿನ್ನಾಕೆ ಧೈರ್ಯ ಇದ್ರೆ ಇಲ್ಲೇ ನಿಂತು ತಿನ್ನು."

ಅಡಿಕೆ ಮಂಡಿಯ ಯಜಮಾನರು ನಮ್ಮ ಸಮಾಜಕ್ಕೆ ಹಿರಿಯರು. ಹಿಂಬಾಗಿಲಿನಿಂದ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಮನೆಗೆ ಬಂದರು. ಅತ್ತೆಯ ಹತ್ತಿರ ಹೇಳಲು ಅವರಿಗೂ ಅಳುಕು, ನನಗೆ ಹೇಳಿದರು. ಸೋಮವಾರ ಮಠದಲ್ಲಿ ಹೆಂಗಸರು ವಚನ ಹಾಡುವಾಗ ಮೊದಲ ಸಾಲು ಎತ್ತಿಕೊಡುವವರು ಅತ್ತೆ. ಬೀದಿಯಲ್ಲಿ ತಿನ್ನುವುದಾದರೆ ಆ ಜಾಗ ಬಿಡಲಿ, ಜಾಗ ಬೇಕಾದರೆ ಗಾಡಿ ಬಿಡಲಿ ಎಂದರು. ಮಾವ ಹೋದ ಮೇಲೆ ಅತ್ತೆ ಗಂಟಲು ಬಿಟ್ಟು ದನಿ ತೆಗೆಯುತ್ತಿದ್ದುದು ಅದೊಂದೇ ಕಡೆ. ಯಜಮಾನರ ಮಾತನ್ನು ಅತ್ತೆಗೆ ಮುಟ್ಟಿಸಿದೆ. ನಾನು ಮತ್ತೆ ಪಾರ್ಸಲ್ ಮಾತೆತ್ತಿದೆ. ನನ್ನನ್ನು ನೋಡಿದ ರೀತಿಗೆ ಅಲ್ಲೇ ನಿಲ್ಲಿಸಿದೆ.

ಸೋಮವಾರ ಸಂಜೆ ಮಠಕ್ಕೆ ಹೋಗುವ ಮೊದಲು ನೇರ ಗಾಡಿಗೆ ಹೋದರು. ಹಿಂಬಾಗಿಲಿಗೆ ಮುಖ ಮಾಡಿ ನಿಂತು ತಿಂದರು, ತಟ್ಟೆ ತೊಳೆದು ಕುಡಿದರು. ಯಜಮಾನರು ಹೊರಗೆ ಬಂದು, ಏನಕ್ಕಾ ಇದು, ನಾಲ್ಕು ಜನ ನೋಡ್ತಾರೆ ಎಂದರು.

"ನೋಡ್ಲಿ ಅಂತಾನೇ ಇಲ್ಲಿ ನಿಂತೀನಿ ಅಣ್ಣಾರೆ. ಹೂಕೋಸು ಮನೆಯಾಗೆ ಬೆಂದ್ರೆ ಲಿಂಗಕ್ಕೆ ನಡೀತೈತೆ, ಸಂದ್ಯಾಗೆ ಬೆಂದ್ರೆ ಯಾಕೆ ನಡೆಯಲ್ಲ? ನಾನು ಹಾಡಾಕೆ ಹೊಂಟೀನಿ. ಎಬ್ಬಿಸಾಕೆ ಬರೋದಿದ್ರೆ ಬರ್ರಿ."

ಮಠದಲ್ಲಿ ತಮ್ಮ ಜಾಗದಲ್ಲೇ ಕೂತರು, ಮೊದಲ ಸಾಲು ಎತ್ತಿದರು. ಯಾರೂ ಹಿಡಿಯಲಿಲ್ಲ. ನಾನು ಬಾಗಿಲಾಚೆ ಚಪ್ಪಲಿ ಹಾಕಿಕೊಂಡೇ ನಿಂತಿದ್ದೆ, ಓಡಲು ಅನುಕೂಲವಾಗಲಿ ಎಂದು. ಅತ್ತೆ ಅದೇ ಸಾಲನ್ನು ಇನ್ನೂ ಏರುದನಿಯಲ್ಲಿ ಹಾಡಿದರು. ಆಗ ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಸೇರಿತು. ಅದು ಯಜಮಾನರ ಹೆಂಡತಿಯದು. ಆಮೇಲೆ ಎಲ್ಲರೂ ಹಾಡಿದರು. ಯಜಮಾನರು ಸೋಮವಾರ ಮಠಕ್ಕೆ ಬರುವುದನ್ನೇ ಬಿಟ್ಟರು. ಹಾಡುವವರಲ್ಲಿ ಕೆಲವರು ಗಾಡಿಗೆ ಬಂದು, "ಅಕ್ಕಾರ ಬಾಣಲೆಯಾಗೆ ಮಾಡಪ್ಪಾ" ಎನ್ನತೊಡಗಿದರು.

ಈ ಸಲದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಪೂಜೆಗೆ ಕೂತ ಅತ್ತೆ ಏಳಲಿಲ್ಲ.

ಆರಾಧನೆಯ ದಿನ ಅವರ ಫೋಟೊದ ಮುಂದೆ ಹೋಳಿಗೆ, ಪಾಯಸ, ಪಲ್ಯಗಳ ಪಕ್ಕ ನಾನು ಅವರದೇ ತಟ್ಟೆಯಲ್ಲಿ ಗೋಬಿ ಇಟ್ಟೆ. ಅದನ್ನು ಒಳಗಿಡು ಎಂದರು ಯಜಮಾನರು. ಎಲ್ಲರೂ ತಿರುಗಿದರು.

"ಇಡಲ್ರಿ," ಎಂದೆ. "ಅವರ ಬಾಣಲೆಯಾಗೇ ಮಾಡಿಸಿದ್ದು. ಇಲ್ಲೇ ಇರತೈತೆ."

ಯಜಮಾನರ ಹೆಂಡತಿ ಹೋಳಿಗೆ ಎಲೆಯನ್ನು ಒಂಚೂರು ಸರಿಸಿ ತಟ್ಟೆಗೆ ಜಾಗ ಮಾಡಿದರು. ಐನೋರು ತೀರ್ಥ ಚಿಮುಕಿಸಿ ಗಂಟೆ ಬಾರಿಸಿದರು. ಬೀಗರು ಹೊಟ್ಟೆತುಂಬ ಉಂಡರು. ಪಂಚೆ ಬೆಳ್ಳಗೇ ಇತ್ತು, ಎದೆಯೂ ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಅತ್ತೆಯ ಎಡೆಯನ್ನು ಮನೆಯವರು ಹಂಚಿಕೊಳ್ಳುವಾಗ ಆ ತಟ್ಟೆ ನಾನೇ ತೆಗೆದುಕೊಂಡೆ. ಎಲ್ಲರ ಎದುರು ನಿಂತು ತಿಂದೆ, ನೀರು ಹಾಕಿ ಬಳಿದು ಕುಡಿದೆ.

ಟವೆಲ್ಲಿನಡಿ ಮುಚ್ಚಿಕೊಂಡು ತಂದಿದ್ದೆನಲ್ಲ, ಗೋಬಿ ಮೆತ್ತಗಾಗಿತ್ತು.