ಮಾವನ ನೊಣಕ್ಕೆ ನನ್ನ ಬೆರಳು

ಅಂಗಿಗೆ ಗುಂಡಿ ಹೊಲಿದುಕೊಳ್ಳೋಣವೆಂದು ನಳಿನಿಯ ಸೂಜಿದಾರದ ಡಬ್ಬಿಗೆ ಕೈ ಹಾಕಿದೆ. ಚುಚ್ಚಿದ್ದು ಸೂಜಿಯಲ್ಲ. ಬೆರಳ ತುದಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಳವೊಂದು ನೇತಾಡುತ್ತಿತ್ತು. ಅದರ ಮೈಗೆ ಕೋಳಿಪುಕ್ಕ, ಕುತ್ತಿಗೆಗೆ ಹರಿದ ಸೀರೆಯ ಜರಿ, ತಲೆಗೆ ಸೀಸದ ತಂತಿಯ ಸುತ್ತು. ಮೀನನ್ನು ಮರುಳು ಮಾಡಲು ಮಾವನವರು ಕಟ್ಟಿದ ಹುಸಿ ನೊಣ. ತೀರಿಕೊಂಡು ಇಷ್ಟು ವರ್ಷವಾದರೂ ಅವರು ನನ್ನ ಬೆರಳನ್ನು ಬಿಟ್ಟಿಲ್ಲವಲ್ಲ ಎಂದು ಬೈದುಕೊಂಡೇ ಅದನ್ನು ಬಿಡಿಸಿಕೊಂಡೆ.

ಬೆರಳಿನ ವಿಷಯ ನಿಮಗೆ ಹೇಳಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ ನಳಿನಿಯೂ ಯಾರನ್ನೂ ಕೇಳದೆ ರಿಜಿಸ್ಟರ್ ಮದುವೆಯಾದೆವು. ನಮ್ಮ ಮನೆಯವರು ಬಾಗಿಲು ಹಾಕಿಕೊಂಡರು. ಜಯನಗರದಲ್ಲಿದ್ದ ಅವಳ ಅಪ್ಪ ಬಾಗಿಲು ತೆರೆದರು, ಬಾಯಿ ತೆರೆಯಲಿಲ್ಲ. ಬಾಡಿಗೆ ಮನೆ ಸಿಗುವತನಕ ಇರಲಿ ಎಂಬುದನ್ನೂ ಅತ್ತೆಯ ಕೈಲೇ ಹೇಳಿಸಿದರು. ನಾನು ಎಂ.ಎ. ಮುಗಿಸಿ ಟ್ಯುಟೋರಿಯಲ್ ಒಂದರಲ್ಲಿ ಪಾಠ ಹೇಳುತ್ತಿದ್ದೆ. ಮಾತಿನಲ್ಲಿ ಯಾರನ್ನಾದರೂ ಗೆಲ್ಲಬಲ್ಲೆ ಎಂಬ ಭ್ರಮೆಯಿತ್ತು. ಮಾತೇ ಆಡದವರನ್ನು ಗೆಲ್ಲುವ ಬಗೆಯನ್ನು ಯಾವ ಮೇಷ್ಟರೂ ಕಲಿಸಿರಲಿಲ್ಲ. ಎದುರಿಗೇ ಕೂತಿದ್ದರೂ ಮಾವ ಮಗಳ ಕಡೆ ತಿರುಗಿ, “ಅವ್ರಿಗೆ ಕಾಫಿ ಬೇಕಾ ಕೇಳು” ಎನ್ನುವರು. ಇವರು ನನ್ನನ್ನು ಅಳಿಯನೆಂದು ಒಪ್ಪುತ್ತಾರೋ ಇಲ್ಲವೋ ಎಂಬುದೇ ನನಗೆ ಕೆಲಸ ಕಾಯಂ ಆಗುವುದಕ್ಕಿಂತ ದೊಡ್ಡ ಚಿಂತೆಯಾಗಿತ್ತು.

ಮಾವ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಅಲ್ಲಿಗೆ ಯಂತ್ರ ಜೋಡಿಸಲು ಬಂದಿದ್ದ ವಿದೇಶಿ ಎಂಜಿನಿಯರನೊಬ್ಬ ಅವರಿಗೆ ಹೀಗೆ ನೊಣ ಕಟ್ಟಿ ಮೀನು ಹಿಡಿಯುವ ಹುಚ್ಚು ಹತ್ತಿಸಿ ಹೋಗಿದ್ದ. ಎರೆಹುಳಕ್ಕೆ ಸಿಗುವ ಮೀನಿಗೆ ಇಷ್ಟೊಂದು ಅಲಂಕಾರ ಯಾಕೆ, ನೀವೇ ಹೇಳಿ. ತಲೆಗೆ ಸೀಸ ಸುತ್ತಿದ ನೊಣ ನೀರಿಗೆ ಬಿದ್ದೊಡನೆ ತಲೆ ಕೆಳಗಾಗಿ ಇಳಿಯುತ್ತದೆ. ದಾರ ಜಗ್ಗಿದರೆ ಜಿಗಿಯುತ್ತದೆ, ಬಿಟ್ಟರೆ ಮತ್ತೆ ಇಳಿಯುತ್ತದೆ. ಆ ಕುಣಿತ ಕಂಡು ಅರೆಕೆರೆಯ ಕಡೆಯ ಕೆರೆಯಲ್ಲಿನ ಅಂಗೈಯಗಲದ ಜಿಲೇಬಿ ಮೀನು ಬಾಯಿ ಹಾಕಬೇಕು. ಹಾಕುತ್ತಲೂ ಇತ್ತು, ಅದೇ ಸಂಕಟ. ಒಂದು ಸಲವಾದರೂ ಬರಿಗೈಯಲ್ಲಿ ಬಂದಿದ್ದರೆ ಬಿಟ್ಟುಬಿಡುತ್ತಿದ್ದರೇನೋ.

ಸೀಸಕ್ಕೆ ಮೂಲ, ಮೀಟರ್ ಬೋರ್ಡಿನ ಮೇಲಿಟ್ಟಿದ್ದ ಫ್ಯೂಸ್ ತಂತಿ. ಒಂದು ಸಂಜೆ ಫ್ಯೂಸ್ ಹೋಗಿ ಮನೆ ಕತ್ತಲಾಯಿತು. ಕುರ್ಚಿ ಹತ್ತಿ ತಡಕಿದರೆ ಸಿಕ್ಕಿದ್ದು ಖಾಲಿ ರೀಲು. ಅಡುಗೆಮನೆಯಿಂದ ಅತ್ತೆ, “ನಿಮ್ಮಾವ ಮೀನುಗಳ ಮನೆಗೆ ಕರೆಂಟ್ ಹಾಕ್ಸಿದಾರೆ. ನಡೀರಿ, ಊಟಕ್ಕೆ ಕೆರೆಗೇ ಹೋಗೋಣ” ಎಂದರು. ಮಾವ ಒಂದು ನೊಣದ ತಲೆಯ ಸುತ್ತು ಬಿಚ್ಚಿ, ತಂತಿ ನೇರ ಮಾಡಿ, ನನಗೆ ಕೊಡಲೆಂದು ನಳಿನಿಯ ಕೈಗಿಟ್ಟರು. ನಾನು ಒಂದು ಮಾರು ದೂರದಲ್ಲಿ ಕುರ್ಚಿಯ ಮೇಲೆ ನಿಂತಿದ್ದೆ. ನಳಿನಿಯ ಪ್ರಕಾರ ಕುರ್ಚಿ ಹತ್ತಿದ್ದು ಅವಳು. ಇರಬಹುದು. ಆ ದಿನಗಳನ್ನು ನೆನೆದಾಗಲೆಲ್ಲ ನಾನು ಯಾವುದಾದರೊಂದು ಕುರ್ಚಿಯ ಮೇಲೆ ನಿಂತೇ ಇರುತ್ತೇನೆ.

ನೊಣ ಕಟ್ಟಲು ಮೂರು ಕೈ ಬೇಕು. ಎಡಗೈಯಲ್ಲಿ ಇಕ್ಕಳ, ಅದರ ಬಾಯಲ್ಲಿ ಗಾಳ, ಬಲಗೈಯಲ್ಲಿ ದಾರ. ಗಂಟು ಬೀಳುವತನಕ ಪುಕ್ಕವೂ ತಂತಿಯೂ ಸರಿಯದಂತೆ ಒತ್ತಿ ಹಿಡಿಯಲು ಇನ್ನೊಬ್ಬರ ಬೆರಳು. ಅತ್ತೆಗೆ ಒಲೆ, ನಳಿನಿಗೆ ಆಫೀಸು, ಉಳಿದವನು ನಾನು. ಮಾವ ನೇರವಾಗಿ ನನಗೇ ಆಡಿದ ಮೊದಲ ಮಾತು, “ಸ್ವಲ್ಪ ಬೆರಳಿಡಿ.” ಖುಷಿಯಿಂದಲೇ ಇಟ್ಟೆ. ಎರಡನೆಯ ಮಾತೂ ಅದೇ. ತಿಂಗಳುಗಳು ಕಳೆದರೂ ಅದೇ. ಪೇಪರ್ ಓದುವಾಗ, ಅರ್ಧ ಗಡ್ಡ ಬೋಳಿಸಿದಾಗ, ಬಸ್ಸಿಗೆಂದು ಚಪ್ಪಲಿ ಮೆಟ್ಟಿದ ಮೇಲೂ “ಬೆರಳಿಡಿ”. ಹೆಚ್ಚೆಂದರೆ, “ಅಲ್ಲಲ್ಲ, ಒತ್ತಿ. ಅಷ್ಟೊಂದ್ ಒತ್ಬೇಡಿ.” ಎಂ.ಎ. ಓದಿದ ಇಡೀ ಮನುಷ್ಯನಲ್ಲಿ ಇವರಿಗೆ ಬೇಕಾದದ್ದು ಒಂದು ಬೆರಳೇ ಎಂದು ರೇಗುತ್ತಿತ್ತು.

ತಡೆಯಲಾರದೆ ಎಸ್.ಪಿ. ರಸ್ತೆಗೆ ಹೋಗಿ ಪುಟ್ಟದೊಂದು ವೈಸು ತಂದೆ. ಮೇಜಿನ ಅಂಚಿಗೆ ಬಿಗಿದು, ಅದರ ಎರಡು ದವಡೆಗಳ ನಡುವೆ ಗಾಳ ಕಚ್ಚಿಸಿಬಿಟ್ಟರೆ ಯಾರ ಬೆರಳೂ ಬೇಡ. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಚೆನ್ನಾಗಿದೆ ಅಂತ ಹೇಳು” ಎಂದು ನಳಿನಿಗೆ ಹೇಳಿದರು. ಬೆರಳಿಗೆ ಬಿಡುಗಡೆಯಾಯಿತು, ಮಾವ ನನಗೆ ಆಡುತ್ತಿದ್ದ ಆ ಎರಡು ಮಾತಿಗೂ. ವಾರಗಟ್ಟಲೆ ಪೇಪರ್ ಹಿಡಿದು ಅವರ ಮೇಜಿನ ಸುತ್ತ ಸುಳಿದಾಡಿದೆ. ಅವರು ತಲೆಯೆತ್ತಲಿಲ್ಲ.

“ನೀವೇ ತಂದ್ರಿ, ನೀವೇ ಅನುಭವಿಸಿ” ಎಂದರು ಅತ್ತೆ.

ಅಷ್ಟರಲ್ಲಿ ಜೆ.ಪಿ. ನಗರದಲ್ಲಿ ಬಾಡಿಗೆ ಮನೆ ಸಿಕ್ಕಿತು. ಟ್ರಂಕನ್ನು ಆಟೋಗೆ ಏರಿಸುವಾಗ ಮಾವ ಗೇಟಿನ ತನಕ ಬಂದರು. ಆಟೋದ ಚಕ್ರ ನೋಡುತ್ತ, “ತೀರಾ ಸಣ್ಣ ನೊಣ ಆ ವೈಸಲ್ಲಿ ನಿಲ್ಲಲ್ಲ, ಜಾರುತ್ತೆ. ಭಾನುವಾರ ಬನ್ನಿ” ಎಂದರು.

ಎಂಬತ್ತರ ದಶಕದ ನನ್ನ ಭಾನುವಾರಗಳು ಹೋದದ್ದು ಹೀಗೆ. ಬಸ್ಸಿಗೆ ಕಾಯುತ್ತ ಪ್ರತಿ ವಾರವೂ ಗೊಣಗಿದೆ. ಎಂಥ ದರಿದ್ರ ವೈಸು ತಂದೆನಪ್ಪಾ ಎಂದು ನನ್ನನ್ನೇ ಬೈದುಕೊಂಡೆ. ಬೆರಳಿಡಿ ಎಂಬುದರ ನಡುನಡುವೆ “ಕೆಲಸ ಪರ್ಮನೆಂಟ್ ಆಯ್ತಾ”, “ಬಾವಿ ನೀರು ಕುಡೀಬೇಡಿ ಅಲ್ಲಿ” ಎಂಬಂಥ ಮಾತುಗಳು ಯಾವಾಗ ನುಸುಳಿದವೋ ಗಮನಿಸಲಿಲ್ಲ. ಒಮ್ಮೆ ಪಕ್ಕದ ಮನೆಯವರು ಬಂದಾಗ ಮಾವ ದಾರ ಸುತ್ತುತ್ತಲೇ, “ಇವ್ರು ನಮ್ಮಳಿಯ” ಎಂದರು. ಕೈ ಮುಗಿಯಲು ಹೋದೆ. “ಎತ್ಬೇಡಿ, ಎತ್ಬೇಡಿ” ಎಂದು ಗದರಿದರು. ಬಂದವರಿಗೆ ನಮಸ್ಕಾರ ಮಾಡಲೂ ಬಿಡಲಿಲ್ಲವಲ್ಲ ಎಂದು ಮನೆಗೆ ಬಂದು ನಳಿನಿಯ ಮೇಲೆ ಕೂಗಾಡಿದ್ದೆ.

ಆ ವೈಸು ಈಗ ಬಿ.ಟಿ.ಎಂ. ಲೇಔಟಿನ ನಮ್ಮ ಬಾಲ್ಕನಿಯ ಕಂಬಿಯಲ್ಲಿದೆ. ಬಟ್ಟೆ ಒಣಗಿಸುವ ಹಗ್ಗದ ತುದಿಯನ್ನು ಕಚ್ಚಿಕೊಂಡಿದೆ. ಗುಂಡಿ ಹೊಲಿಯುವುದನ್ನು ಬಿಟ್ಟು ಅಲ್ಲಿಗೆ ಹೋಗಿ, ಹಗ್ಗ ಬಿಡಿಸಿ, ಸಿಕ್ಕಿದ್ದ ಆ ಸಣ್ಣ ನೊಣವನ್ನು ದವಡೆಗೆ ಕೊಟ್ಟು ತಿರುಪು ಬಿಗಿದೆ. ಎಳೆದೆ. ಜಗ್ಗಿದೆ. ಕದಲಲಿಲ್ಲ. ತುಕ್ಕು ಹಿಡಿದು ಬಿಗಿಯಾಗಿರಬೇಕು ಎಂದುಕೊಂಡೆ.

ನಳಿನಿ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಂದಳು.

“ಇದು ಹಿಡಿಯುತ್ತೆ” ಎಂದೆ.

“ಹಿಡೀದೆ ಏನು? ಅಪ್ಪ ವಾರವೆಲ್ಲ ಅದ್ರಲ್ಲೇ ಸಣ್ಣವನ್ನ ಕಟ್ತಿದ್ರಂತಲ್ಲ, ಅಮ್ಮ ಹೇಳ್ತಿದ್ರು.”

“ನೀನು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಭಾನುವಾರ ಹೋಗ್ತಿದ್ರಾ? ಮೊದ್ಲು ಆ ಹಗ್ಗ ಸಿಕ್ಸಿ, ನೀರು ಸೋರ್ತಿದೆ.”

ನೊಣ ಬಿಡಿಸಿ ಜೇಬಿಗೆ ಹಾಕಿಕೊಂಡೆ. ಹಗ್ಗವನ್ನು ಕಂಬಿಗೆ ಸುತ್ತಿ ಒಂದು ಗಂಟು ಹಾಕಿ, “ಸ್ವಲ್ಪ ಬೆರಳಿಡು” ಎಂದೆ.

“ವೈಸಿದೆಯಲ್ಲ.”

“ಅದ್ರಲ್ಲಿ ನಿಲ್ಲಲ್ಲ, ಜಾರುತ್ತೆ.”

ನಳಿನಿ ಒಂದು ಕ್ಷಣ ನನ್ನ ಮುಖ ನೋಡಿದಳು. ಬಕೆಟ್ ಕೆಳಗಿಟ್ಟು, ಗೊಣಗುತ್ತಲೇ ಬೆರಳಿಟ್ಟಳು.