ಜಗಳ ನಿಲ್ಲಿಸಿದ ಕಂಡಕ್ಟರು

ನಮ್ಮ ಬೀದಿಯ ಗುಡುಗಣ್ಣ ಬಸ್ ಕಂಡಕ್ಟರು, ಜಗಳದಲ್ಲಿ ಚಕ್ರವರ್ತಿ. ಫುಟ್‌ಬೋರ್ಡಿಗೆ ಜೋತುಬೀಳುವ ವೀರರು, ಅರ್ಧ ಟಿಕೆಟ್ಟಿಗಾಗಿ ಮಕ್ಕಳ ವಯಸ್ಸು ಕದಿಯುವ ತಾಯಂದಿರು, ಎಲ್ಲರೂ ಆತನ ಕಂಠಕ್ಕೆ ಶರಣು. ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ವಾರ್ಡಿಗೆ ಬಂದಮೇಲೂ ದಂಡಯಾತ್ರೆ ನಿಲ್ಲಲಿಲ್ಲ. ಸೂಜಿ ಚುಚ್ಚುವ ನರ್ಸಮ್ಮನಿಂದ ಕಿರುಗುಟ್ಟುವ ಫ್ಯಾನಿನವರೆಗೆ ಯಾರಿಗೂ ವಿನಾಯಿತಿ ಇರಲಿಲ್ಲ.

ಆಮೇಲೆ ಸದ್ದಡಗಿತು. ಚುಚ್ಚಿದರೆ ಚುಚ್ಚಿಸಿಕೊಂಡು ಸುಮ್ಮನೆ ಮಲಗುತ್ತಿದ್ದ.

"ದೇವರಂಥ ಪೇಷಂಟ್ ಆಗಿಬಿಟ್ರು" ಎಂದು ವಾರ್ಡು ಹಿಗ್ಗಿತು. ಊಟ ಸೇರದಿದ್ದುದು, ನಿದ್ದೆ ಬಾರದಿದ್ದುದು, ಎಲ್ಲವನ್ನೂ ಕಿಡ್ನಿಯ ತಲೆಗೆ ಕಟ್ಟಿದರು. ಪಾಪದ ಕಿಡ್ನಿ, ಬಾಯಿಲ್ಲದ ಪ್ರಾಣಿ.

ಹೆಂಡತಿ ಮಾತ್ರ ಡಾಕ್ಟರಮ್ಮನ ದಾರಿಗೆ ಅಡ್ಡ ನಿಂತಳು.

"ಡಾಕ್ಟ್ರಮ್ಮ, ನಮ್ಮನೆಯವರು ಜಗಳ ಆಡ್ತಿಲ್ಲ."

"ಒಳ್ಳೇದಾಯ್ತಲ್ಲಮ್ಮ?"

"ಏನು ಒಳ್ಳೇದು? ನಿನ್ನೆ ಬೇಕಂತ್ಲೇ ಅವರಣ್ಣನ್ನ ಬೈದೆ. ಹೂಂ ಅಂದ್ರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮಾತಿಗೆ ಹೂಂ ಅಂದಿದ್ದು ಅದೇ ಮೊದಲು."

ಡಾಕ್ಟರಮ್ಮನ ನಗು ಅರ್ಧಕ್ಕೇ ನಿಂತಿತು. ಗುಡುಗಣ್ಣನ ಮಂಚದ ಪಕ್ಕಕ್ಕೆ ಸ್ಟೂಲು ಎಳೆದು ಕೂತು, ಅದುವರೆಗೆ ಯಾರೂ ಕೇಳದ್ದನ್ನು ಕೇಳಿದರು.

"ಬದುಕೋದೇ ಬೇಡ ಅನ್ನಿಸುತ್ತಾ, ಅಣ್ಣ?"

"ನನ್ನ ಸ್ಟಾಪ್ ಬಂತು, ತಾಯಿ. ಮುಂದಿನ ವಾರದಿಂದ ಬರಲ್ಲ. ಮೆಷಿನ್ ಬೇರೆಯವರಿಗೆ ಕೊಡಿ."

ಮೆಷಿನ್ ಬಿಟ್ಟರೆ ಬದುಕು ಕೆಲವೇ ದಿನ. ಹೆಂಡತಿ ಆತನ ಕೈ ಬಿಗಿಯಾಗಿ ಹಿಡಿದಳು.

"ಸುಸ್ತು ಕಿಡ್ನಿದಿರಬಹುದು, ಈ ಮಾತು ಕಿಡ್ನಿದಲ್ಲ" ಎಂದರು ಡಾಕ್ಟರಮ್ಮ. "ಇದು ಖಿನ್ನತೆ. ಇದೂ ಕಾಯಿಲೆನೇ, ಇದಕ್ಕೂ ಮದ್ದಿದೆ. ನಾವೇ ಕಣ್ಣಿದ್ದೂ ಕುರುಡರಾದ್ವಿ. ಮದ್ದು ನಾಟೋವರೆಗಾದ್ರೂ ಮೆಷಿನ್‌ಗೆ ಬನ್ನಿ."

ಕಿಡ್ನಿಗೆ ಭಾರವಾಗದಂತೆ ಅಳೆದು ತೂಗಿ ಮಾತ್ರೆ ಕೊಟ್ಟರು. ಮೆಷಿನ್ ಓಡುವ ಹೊತ್ತಿನಲ್ಲಿ ಆಪ್ತಸಮಾಲೋಚಕಿ ಬಂದು ಕೂತು ಮಾತಾಡಿಸಿದಳು, ಬಹುಪಾಲು ಗೋಡೆಯ ಜೊತೆಗೆ. ವಾರಗಟ್ಟಲೆ ಏನೂ ಆಗಲಿಲ್ಲ. ಹೆಂಡತಿ ಎಳೆದು ತರುತ್ತಿದ್ದಳು, ಈತ ಮೂಟೆಯಂತೆ ಬರುತ್ತಿದ್ದ.

ಕಡಲೆಬೇಳೆ ಗಾತ್ರದ ಮಾತ್ರೆ, ನಾಲ್ಕು ಮೆಲುಮಾತು. ಇವು ಯಾವ ಮೆಟ್ಟಿಲಿಳಿದು ಆ ಪಾತಾಳ ಮುಟ್ಟಿದವೋ, ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಒಂದು ಮಧ್ಯಾಹ್ನ ನರ್ಸಮ್ಮ ಸೂಜಿ ತೆಗೆದು ಹತ್ತಿ ಒತ್ತುತ್ತಿರುವಾಗ ಆತ ಕತ್ತು ಹೊರಳಿಸಿದ.

"ಮುಂದಿನ ಸಲ ಆ ಕಿಟಕಿ ಪಕ್ಕದ ಮಂಚ ಕೊಡಮ್ಮ. ರಸ್ತೆ ಕಾಣುತ್ತೆ."

ಚಪ್ಪಲಿ ಜೋಡಿಸುತ್ತಿದ್ದ ಹೆಂಡತಿ ಬಗ್ಗಿದಲ್ಲೇ ಕಲ್ಲಾದಳು.

"ಅದಕ್ಕೆ ನಿಮಗಿಂತ ಮುಂಚೆ ತುಂಬ ಜನ ಕಾಯ್ತಿದ್ದಾರೆ, ಅಣ್ಣ" ಎಂದಳು ನರ್ಸಮ್ಮ.

"ಕಾಯ್ತಾರೆ ಬಿಡು. ನಾನೂ ಕಾಯ್ತೀನಿ."